ಸೂಗಮ್ಮ ಕುಡಿದ ನೀರು

ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂದು ಕೇಳಿದಾಗಲೇ ಸೂಗಮ್ಮನಿಗೆ ಆ ಕೆಲಸದ ಮೇಲೆ ಅನುಮಾನ ಬಂದಿತ್ತು.

ಸುದ್ದಿ ತಂದವನು ಅವಳ ಸೋದರಮಾವ ಅಯ್ಯಣ್ಣ. ರಾಯಚೂರಿನ ಒಂದು ಆರೋಗ್ಯ ಕಚೇರಿಯಲ್ಲಿ ಅವನು ಜವಾನ. 1985ರ ಯುಗಾದಿ ಮುಗಿದಿತ್ತು. ಅರಳೆ ಕಾರ್ಖಾನೆಗಳು ಹಂಗಾಮು ಮುಗಿಸಿ ಬಾಗಿಲು ಹಾಕಿದ್ದವು. ಸೂಗಮ್ಮ ಗುಡಿಸಲ ಮುಂದೆ ಕೂತು ಕೆಮ್ಮುತ್ತಿದ್ದಳು.

"ಬೇಸಿಗಿ ಮಟ್ಟಿಗಿ ಹೆಣ್ಮಕ್ಕಳು ಬೇಕಂತ. ಹಳ್ಳಿಗಿ ಹೋಗಿ ನಾರುಹುಣ್ಣು ನೋಡೂದು," ಎಂದ ಅಯ್ಯಣ್ಣ.

"ಯಾರಿಗಿ ಏನು ಕೊಡಬೇಕು ಮಾವಾ?"

"ಏನೂ ಬ್ಯಾಡ."

"ಏನೂ ಬ್ಯಾಡಂದ್ರ ಅದರಾಗ ಏನೋ ಅದ."

"ಅದ. ಹುಳ ಅದ. ಮಂದಿ ಕಾಲಾಗಿನ ಹುಳ ನೋಡಾಕ ಯಾರು ಲಂಚ ಕೊಡ್ತಾರ ಬೇ?"

ಅವಳಿಗೆ ಆಗ ಇಪ್ಪತ್ತೇಳರ ಆಸುಪಾಸು. ಹುಟ್ಟಿದ್ದು ಯಾಪಲದಿನ್ನಿಯ ಕೂಲಿ ಮಾಡುವವರ ಕೇರಿಯಲ್ಲಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಗಿಲ್ಲೆಸುಗೂರಿಗೆ ಸೊಸೆಯಾಗಿ ಹೋಗಿದ್ದಳು. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನ ಒಂದು ಚೀಲ ಹಿಡಿದು ಹೊರಬಿದ್ದವಳು ತಾಯಿ ಯಮನಮ್ಮನೊಂದಿಗೆ ರಾಯಚೂರು ಸೇರಿದಳು. ಅಲ್ಲಿಂದ ಆರೇಳು ಹಂಗಾಮು ಅರಳೆ ಕಾರ್ಖಾನೆಯಲ್ಲಿ ಹತ್ತಿ ಹಾಯಿಸುವ ಕೆಲಸ. ಧೂಳು ಎದೆಗಿಳಿದಿತ್ತು. ಇನ್ನೊಂದು ಹಂಗಾಮು ಅಲ್ಲಿಗೆ ಹೋದರೆ ಆಮೇಲೆ ತನ್ನ ಬಳಿ ಬರುವುದು ಬೇಡವೆಂದು ಸ್ಟೇಷನ್ ರಸ್ತೆಯ ಡಾಕ್ಟರು ಹೇಳಿದ್ದರು. ಬೇಸಿಗೆಯ ಈ ಕೆಲಸ ಮಳೆಗಾಲಕ್ಕೆ ಮುಗಿಯುವಂಥದ್ದು. ಆದರೆ ಒಪ್ಪಿಸಿದ ಊರನ್ನು ತಕರಾರಿಲ್ಲದೆ ಮುಗಿಸಿದವರನ್ನು ಮುಂದಕ್ಕೂ ಇಟ್ಟುಕೊಳ್ಳುತ್ತಾರೆ ಎಂದು ಅಯ್ಯಣ್ಣ ಕಚೇರಿಯಲ್ಲಿ ಕೇಳಿಸಿಕೊಂಡಿದ್ದ. ಸೂಗಮ್ಮನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಊರು ಮುಗಿಸಬೇಕು, ಇಲ್ಲದಿದ್ದರೆ ಮತ್ತೆ ಧೂಳು.

ನಾರುಹುಣ್ಣು ಆ ಸೀಮೆಯವರಿಗೆ ಹೊಸದಲ್ಲ. ಬಾವಿಯ ನೀರಿನೊಂದಿಗೆ ಒಳಹೋದ ಹುಳ ವರುಷದ ಮೇಲೆ ಕಾಲಿನಿಂದ ಬಿಳಿ ದಾರದ ಹಾಗೆ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿಕೊಂಡು ದಿನಕ್ಕಿಷ್ಟು ಎಳೆಯಬೇಕು. ಹರಿದರೆ ಕಾಲೇ ಬಾತುಕೊಳ್ಳುತ್ತದೆ. ಹುಣ್ಣಿರುವವರು ಮೆಟ್ಟಿಲು ಬಾವಿಗೆ ಇಳಿದು ನೀರಲ್ಲಿ ಕಾಲಿಟ್ಟರೆ ಹುಳದ ಮರಿ ನೀರಿಗೆ ಸೇರಿ, ಅದನ್ನು ಕುಡಿದವರಿಗೆಲ್ಲ ಬರುತ್ತದೆ. ಮನೆಮನೆಗೆ ಹೋಗಿ ಕಾಲು ನೋಡುವುದು, ನೀರು ಸೋಸಲು ಅರಿವೆ ಹಂಚುವುದು, ಬಾವಿಗೆ ಔಷಧಿ ಹಾಕಿಸುವುದು ಇವರ ಕೆಲಸ. ಹೆಂಗಸರು ಗಂಡಸರಿಗೆ ಕಾಲು ತೋರಿಸುವುದಿಲ್ಲವಾದ್ದರಿಂದ ಹೆಂಗಸರನ್ನು ತೆಗೆದುಕೊಂಡಿದ್ದರು.

ಅವಳಿಗೆ ಒಪ್ಪಿಸಿದ್ದು ದೇವದುರ್ಗದ ಕಡೆಯ ಜಾಲಿಬಂಡಿ. ಮೇಲಿನ ಅಧಿಕಾರಿ ಹೆಲ್ತ್ ಇನ್ಸ್‌ಪೆಕ್ಟರ್ ರಾಘವೇಂದ್ರ. ಮಾನ್ವಿಯ ಪೂಜಾರಿಕೆ ಮನೆತನದ ಮೂವತ್ತು ದಾಟದ ಮನುಷ್ಯ. ಬಸ್ಸಿನಿಂದ ಇಳಿಯುವಾಗ ಒಂದು ಕೈಯಲ್ಲಿ ಔಷಧಿಯ ಡಬ್ಬಿ, ಇನ್ನೊಂದರಲ್ಲಿ ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆ. ಆ ತಂಬಿಗೆಯ ನೀರನ್ನಷ್ಟೇ ಅವನು ಕುಡಿಯುತ್ತಿದ್ದ. ಯಾರಾದರೂ ಚಹಾ ಕೊಡಲು ಬಂದರೆ, "ಇವತ್ತು ಏಕಾದಶಿ" ಎನ್ನುತ್ತಿದ್ದ. ಸೂಗಮ್ಮ ಮೊದಲ ವಾರವೇ ಇದನ್ನು ಗಮನಿಸಿ ಸುಮ್ಮನಿದ್ದಳು. ಊರವರು ಸುಮ್ಮನಿರಲಿಲ್ಲ.

"ಸಾಹೇಬ್ರ, ನಮ್ಮೂರಾಗ ಏಕಾದಶಿ ತಿಂಗಳಿಗಿ ಎರಡ ಸಲ ಬರ್ತದ. ನಿಮ್ಮ ಮಾನ್ವ್ಯಾಗ ದಿನಾ ಬರ್ತದೇನ್ರೀ?" ಎಂದು ಕಟ್ಟೆಯ ಮೇಲಿಂದ ಯಾರೋ ಕೂಗಿದರು. ಕಟ್ಟೆಯೆಲ್ಲ ನಕ್ಕಿತು.

ಅರಿವೆಯನ್ನು ಜನ ತೆಗೆದುಕೊಂಡರು. ಕೆಲವರು ಕೊಡದ ಬಾಯಿಗೆ ಕಟ್ಟಿದರು, ಕೆಲವರು ಕೂಸಿಗೆ ಕುಲಾಯಿ ಹೊಲಿದರು. ಹೆಂಗಸರು ಹಿತ್ತಲಿಗೆ ಕರೆದು ಕಾಲನ್ನೂ ತೋರಿಸಿದರು. ಔಷಧಿಯ ಮಾತು ಬಂದಾಗ ಮಾತ್ರ ಬಾಗಿಲು ಮುಚ್ಚುತ್ತಿತ್ತು.

ಕಾರಣ ಹೇಳಿದವನು ಕೇರಿಯ ಮೌನಪ್ಪ. ಸೂಗಮ್ಮ ಉಳಿದುಕೊಂಡಿದ್ದು ಅವನ ಮನೆಯಲ್ಲಿ. ತುರ್ತು ಪರಿಸ್ಥಿತಿಯ ವರ್ಷ ಒಂದು ಜೀಪು ಬಂದು, ತುಪ್ಪದ ಡಬ್ಬಿ ಕೊಡುತ್ತೇವೆಂದು ಊರಿನ ಕೆಲವರನ್ನು ಹತ್ತಿಸಿಕೊಂಡು ಹೋಗಿತ್ತು. ಬಾವಿಯ ಒಡತಿ ಬಸವಂತಮ್ಮನ ಮಗನೂ ಆಗಿನ್ನೂ ಹೊಸ ಮದುಮಗ, ಹತ್ತಿದ್ದ. ಡಬ್ಬಿ ಬಂತು, ಅವನೂ ಆಪರೇಷನ್ ಮಾಡಿಸಿಕೊಂಡು ಬಂದ. ಮಕ್ಕಳಾಗಲಿಲ್ಲ.

"ಆ ಡಬ್ಬಿ ಇನ್ನಾ ಆಕಿ ಮನ್ಯಾಗ ಅದ. ತುಪ್ಪ ತಿಂದಿಲ್ಲ, ಚೆಲ್ಲಿಲ್ಲ," ಎಂದ ಮೌನಪ್ಪ. "ಈಗ ನೀವು ಮತ್ತೊಂದು ಡಬ್ಬಿ ಹಿಡಕೊಂಡು ಬಂದೀರಿ."

ಅದೇ ವರ್ಷ ಯಾಪಲದಿನ್ನಿಯಲ್ಲಿ ಸೂಗಮ್ಮನ ದೊಡ್ಡಪ್ಪನನ್ನೂ ಹಾಗೆಯೇ ಕರೆದೊಯ್ದಿದ್ದರು. ಸರ್ಕಾರದ ಡಬ್ಬಿಯಲ್ಲಿ ಏನಿರುತ್ತದೆ ಎಂಬುದು ಹಿಡಿದುಕೊಂಡು ಬಂದವರಿಗೇ ಗೊತ್ತಿರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ತನಗಂತೂ ಗೊತ್ತಿರಲಿಲ್ಲ.

ಬಾವಿ ಊರಿನ ಅಂಚಿನ ಹೊಲದಲ್ಲಿತ್ತು. ಬಸವಂತಮ್ಮನ ಮಾವ ತೋಡಿಸಿದ್ದು. ಇಡೀ ಊರು ಅಲ್ಲಿಂದಲೇ ಕುಡಿಯಬೇಕು. ಊರೊಳಗಿನವರು ಮೆಟ್ಟಿಲಿಳಿದು ತುಂಬಿಕೊಳ್ಳುತ್ತಾರೆ. ಕೇರಿಯವರು ದಂಡೆಯ ಮೇಲೆ ಕೊಡ ಇಟ್ಟು ಕಾಯುತ್ತಾರೆ. ಮೇಲೆ ಬಂದವರು ಮನಸ್ಸಾದರೆ ಸುರಿಯುತ್ತಾರೆ. ರಾಘವೇಂದ್ರ ಡಬ್ಬಿಯೊಂದಿಗೆ ಬಂದ ಬೆಳಿಗ್ಗೆ ಬಸವಂತಮ್ಮ ಮೊದಲ ಮೆಟ್ಟಿಲ ಮೇಲೆಯೇ ಕೂತಿದ್ದಳು. ಎದ್ದರೆ ಮಾತ್ರ ದಾರಿ.

"ಯವ್ವಾ, ಇದು ಹುಳ ಕೊಲ್ಲೋ ಔಷಧಿ ಅದ. ಮನುಷ್ಯಾರಿಗೆ ಏನೂ ಆಗೂದಿಲ್ಲ," ಎಂದ ರಾಘವೇಂದ್ರ.

"ಆಗಂಗಿಲ್ಲಂದ್ರ ನೀ ಕುಡಿ ನನ್ನಪ್ಪಾ. ಒಂದು ಕೊಡದಾಗ ಹಾಕು. ನಾವೆಲ್ಲಾರು ನೋಡ್ತೀವಿ."

ರಾಘವೇಂದ್ರ ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನಾ ಹೊರಗಿನ ನೀರು ಕುಡಿಯೂದಿಲ್ಲವಾ. ನಮ್ಮ ಮನಿ ನೇಮ ಅದು."

"ಕೇಳಿದ್ರೇನ್ರೇ?" ಬಸವಂತಮ್ಮ ಹಿಂದೆ ತಿರುಗದೆಯೇ ಕೂಗಿದಳು. "ನಮಗ ಕುಡಸಾಕ ಬಂದಾಂವಗ ಕುಡಿಯೂದು ನೇಮಿಲ್ಲಂತ!"

ಕೊಡ ಹಿಡಿದು ನಿಂತ ಹೆಂಗಸರು ನಗಲಿಲ್ಲ. ಸೂಗಮ್ಮ ದಂಡೆಯ ಮೇಲಿಂದ ರಾಘವೇಂದ್ರನ ಮುಖವನ್ನೇ ನೋಡುತ್ತಿದ್ದಳು. ನೇಮವೋ, ಜಾತಿಯೋ, ಅಥವಾ ಅವನಿಗೆ ಗೊತ್ತಿರುವ ಬೇರೆ ಏನಾದರೂ ಇದೆಯೋ? ಮುಖದಲ್ಲಿ ಏನೂ ಸಿಗಲಿಲ್ಲ. ಹಿಂದೆಯೇ ಅರಳೆ ಕಾರ್ಖಾನೆ ನೆನಪಾಯಿತು.

"ನಾ ಕುಡೀತೀನಿ," ಎಂದಳು.

ಬಸವಂತಮ್ಮ ಈಗ ತಿರುಗಿದಳು. "ನಿನಗ ಯಾರು ಹಾಕ್ತಾರ?"

ಅದು ನಿಜವಾದ ಪ್ರಶ್ನೆಯೇ ಆಗಿತ್ತು. ಸೂಗಮ್ಮನೂ ಕೇರಿಯವಳೇ, ತಾನಾಗಿ ತುಂಬಿಕೊಳ್ಳುವಂತಿಲ್ಲ, ಮೇಲಿನಿಂದ ಯಾರಾದರೂ ಬೊಗಸೆಗೆ ಹಾಕಬೇಕು. ದಿನವೂ ಕೇರಿಯವರಿಗೆ ಹಾಕುತ್ತಿದ್ದ ಹೆಂಗಸರು ಅಂದು ಒಬ್ಬರ ಹಿಂದೆ ಒಬ್ಬರು ಸರಿದರು. "ನಾಳೆ ಈಕಿಗಿ ಏನಾರ ಆದ್ರ ಕೈಯಿಲೆ ಹಾಕಿದಾಕಿ ನಾನು ಅಂತಾರ. ನಂಗ ಬ್ಯಾಡವ್ವಾ," ಎಂದಳು ಒಬ್ಬಳು. ಕುಡಿಯಬಹುದಾದವನು ಕುಡಿಯುವುದಿಲ್ಲ, ಕುಡಿಯುತ್ತೇನೆಂದವಳಿಗೆ ಹಾಕುವವರಿಲ್ಲ. ಬಿಸಿಲು ಏರತೊಡಗಿತು.

ಕೊನೆಗೆ ರಾಘವೇಂದ್ರನೇ ತಂಬಿಗೆಯನ್ನು ಕಲ್ಲಿನ ಮೇಲಿಟ್ಟ. ಮೌನಪ್ಪನ ಹೆಂಡತಿ ಪಾರ್ವತೆಮ್ಮನ ಕೊಡ ಅಲ್ಲೇ ತುಂಬಿತ್ತು, ಅದನ್ನು ಬಗ್ಗಿಸಲು ಅವಳೂ ಹೆದರಿ ಹಿಂದೆ ಸರಿದಿದ್ದಳು. ಅದಕ್ಕೆ ಔಷಧಿಯ ಹನಿ ಬಿಟ್ಟು, ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ಸೂಗಮ್ಮನ ಬೊಗಸೆಗೆ ಬಗ್ಗಿಸಿದ. ಕೇರಿಯ ಕೊಡವನ್ನು ಅವನು ಹಿಡಿದದ್ದು ಜನರ ಕಣ್ಣಿಗೆ ಬಿತ್ತು. ಆದರೆ ಅವರು ಕಾಯುತ್ತಿದ್ದದ್ದು ಅದಕ್ಕಲ್ಲ. ಸೂಗಮ್ಮ ಕುಡಿದಳು. ಸೀಮೆಎಣ್ಣೆಯಂಥ ಗಾಸಲೇಟಿನ ವಾಸನೆಯೊಂದು ಮೂಗಿಗೆ ತಾಗಿ ಹೋಯಿತು. ಬಾಯಿ ಒರೆಸಿಕೊಂಡು ಬಸವಂತಮ್ಮನ ಕಡೆ ನೋಡಿದಳು.

"ಕುಡದಿ. ಏನಾತು?" ಎಂದಳು ಮುದುಕಿ. "ನೀ ಅವರ ಮಂದಿ. ಕುಡಿ ಅಂದ್ರ ಕುಡೀತಿ. ಮ್ಯಾಲ ಗಂಡನ್ನ ಬಿಟ್ಟಾಕಿ. ಮಕ್ಕಳಾಗದಂಗ ಮಾಡೂ ಔಷಧಿ ನಿನಗ ಏನು ಮಾಡ್ತದ?"

ರಾಘವೇಂದ್ರ ಡಬ್ಬಿ ಎತ್ತಿಕೊಂಡು ಚಾವಡಿಗೆ ಹೋದ. ಅವನು ಮರೆಯಾದ ಮೇಲೆ ಬಸವಂತಮ್ಮ ಸೂಗಮ್ಮನನ್ನು ಕೈಸನ್ನೆ ಮಾಡಿ ಹತ್ತಿರ ಕರೆದಳು. ಹತ್ತಿರ ಎಂದರೆ ಮೂರು ಮಾರು ದೂರಕ್ಕೆ. ಗಂಡಸರ ಮುಂದೆ ಆಡದ ಮಾತನ್ನು ಆಗ ಆಡಿದಳು.

"ಗರ್ಭದ ಔಷಧಿ ಇದ್ರ ಮೊದಲ ಮುಟ್ಟು ಕೆಡಸ್ತದ. ಇದು ನಮಗ ಗೊತ್ತದ, ನಿಮ್ಮ ಸಾಹೇಬಗ ಗೊತ್ತಿಲ್ಲ. ನೀ ಇಲ್ಲೇ ಇರು. ದಿನಾ ಅದ ಔಷಧಿ ನೀರು ಕುಡಿ. ನೀ ಸರಿಯಾಗಿ ಮುಟ್ಟಾಗಿ ಕಡಿಗಾದ್ರ ಬಾವಿಗಿ ಹಾಕ್ರಿ. ಇಲ್ಲಂದ್ರ ಡಬ್ಬಿ ತಗೊಂಡು ನಡೀರಿ. ಕಡಿಗಾದಾಗ ಹೊರಗ ಕುಂದ್ರಬೇಕು, ಮಂದಿ ನೋಡಬೇಕು. ಗಂಡಸರಿಗಿ ಈ ಮಾತು ಹೇಳಬಾರದು."

ಸೂಗಮ್ಮ ಒಪ್ಪಿದಳು. ಅರಳೆ ಕಾರ್ಖಾನೆಗೆ ಹೋದಾಗಿನಿಂದ ತನ್ನ ಮುಟ್ಟಿಗೆ ಹೊತ್ತುಗೊತ್ತಿಲ್ಲ, ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ ಎಂಬುದನ್ನು ಹೇಳಲಿಲ್ಲ.

ಅಂದಿನಿಂದ ಜಾಲಿಬಂಡಿಯ ಹೆಂಗಸರಿಗೆ ಬೇರೆ ಕೆಲಸ ಉಳಿಯಲಿಲ್ಲ. ಡಬ್ಬಿಯ ಔಷಧಿಯನ್ನು ಸೂಗಮ್ಮ ಒಂದು ಸೀಸೆಗೆ ಬಗ್ಗಿಸಿಕೊಂಡಿದ್ದಳು. ಪಾರ್ವತೆಮ್ಮ ದಿನ ಬೆಳಗಾದರೆ ಒಂದು ಗಡಿಗೆ ನೀರಿಗೆ ಅದರ ಹನಿ ಹಾಕಿಸಿ ಸೂಗಮ್ಮನಿಗೆಂದು ಬೇರೆ ಇಡುತ್ತಿದ್ದಳು. ಬಸವಂತಮ್ಮನ ಸೊಸೆ ಕೂಲಿಗೆ ಆಳು ಕರೆಯುವ ನೆವದಲ್ಲಿ ಕೇರಿಯ ತುದಿಗೆ ಬಂದು, ಅವಳು ಅದನ್ನು ಕುಡಿಯುವುದನ್ನು ನಿಂತು ನೋಡಿ ಹೋಗುತ್ತಿದ್ದಳು. ಕಾಲು ನೋಡಲು ಹೋದ ಮನೆಗಳಲ್ಲಿ ಹೆಂಗಸರು ಅವಳ ಸೀರೆಯ ಕಡೆ ನೋಡುತ್ತಿದ್ದರು. "ಹೊಟ್ಟಿ ನೋಯ್ತದೇನು? ಸೊಂಟ ಹಿಡೀತದೇನು?" ಎಂದು ಒಬ್ಬಳಾದರೂ ಕೇಳದ ದಿನವಿಲ್ಲ.

ಬರಬೇಕಾದ ಹೊತ್ತಿಗೆ ಬರಲಿಲ್ಲ.

ಮೊದಲು ಅದು ಹಳೆಯ ಏರುಪೇರು ಎಂದೇ ಸೂಗಮ್ಮ ತಿಳಿದಳು. ಆಮೇಲೆ ಗಡಿಗೆಯ ಮುಚ್ಚಳ ತೆಗೆದಾಗಲೆಲ್ಲ ಗಾಸಲೇಟಿನ ವಾಸನೆ ಮೊದಲಿಗಿಂತ ಜೋರಾಗಿದೆ ಎನಿಸತೊಡಗಿತು. ಮುದುಕಿ ಹೇಳಿದ್ದು ನಿಜವಿರಬಹುದೇ? ಒಂದು ಮಧ್ಯಾಹ್ನ ಚಾವಡಿಯಲ್ಲಿ ಊಟ ಮುಗಿಸಿ ಕೂತಿದ್ದ ರಾಘವೇಂದ್ರನ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಒಂದು ಮಾತು ಕೇಳ್ತೀನಿ. ಖರೇನ ಹೇಳ್ರಿ. ಇದು ಹುಳದ ಔಷಧೀನ ಹೌದಲ್ರೀ?"

"ನಿನಗೂ ಸಂಶಯ ಬಂತೇನು?"

"ನೀವು ಯಾಕ ಕುಡಿಯಂಗಿಲ್ಲ?"

ಅವನು ತಂಬಿಗೆಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ. "ನಮ್ಮ ಅಮ್ಮ ಭಾಗೀರಥಿಬಾಯಿ ಅಂತ. ನಾ ಊರಿಗೆ ಹೋದ ಕೂಡಲೆ ಬಾಗಿಲಾಗ ನಿಂತು ಕೇಳ್ತಾಳ, ಎಲ್ಲಿ ನೀರು ಕುಡದಿ ಅಂತ. ಆಕಿ ಮುಂದ ಸುಳ್ಳು ಹೇಳಲಿಕ್ಕೆ ನನಗ ಬರೂದಿಲ್ಲ. ಕುಡದೆ ಅಂದ್ರ ಆಕಿ ಊಟ ಬಿಡ್ತಾಳ. ಇಷ್ಟೇ ಅದ." ತಂಬಿಗೆಯನ್ನು ಬದಿಗಿಟ್ಟು ಕೇಳಿದ: "ಅದಿರಲಿ, ನೀನು ನನಗ ಖರೆ ಹೇಳು. ಕುಡದು ತೋರಿಸಿದ ಮ್ಯಾಲೂ ಈ ಜನ ಯಾಕ ಬಿಡವಲ್ರು? 'ಸೂಗಮ್ಮನ್ನ ಕೇಳ್ರಿ' ಅಂತ ಹೆಂಗಸರೆಲ್ಲಾ ನಗತಾರ. ನೀನು ಅವರ ಕೂಡ ಸೇರಿ ಏನು ನಡಿಸೀದಿ?"

"ಏನಿಲ್ರೀ."

"ಮಿರುಗ ಮಳಿ ಬರೂದ್ರೊಳಗ ಬಾವಿಗೆ ಔಷಧಿ ಬೀಳಲಿಲ್ಲಾಂದ್ರ ನಿನ್ನ ವಾಪಸ್ ಕಳಸಬೇಕು ಅಂತ ರಾಯಚೂರಿಗೆ ಬರೀತೀನಿ. ಆಮ್ಯಾಲೆ ನನ್ನ ಬೈಬ್ಯಾಡ."

ಅವಳು ಹೇಳುವಂತಿರಲಿಲ್ಲ. ಅವನ ತಾಯಿಯ ಕತೆಯನ್ನು ಅರ್ಧ ನಂಬಿ, ಅರ್ಧ ಬಿಟ್ಟು, ಕೇರಿಗೆ ಮರಳಿದಳು.

ಅಷ್ಟರಲ್ಲಿ ಊರಿಗೆ ಇನ್ನೊಂದು ಅನುಮಾನ ಹುಟ್ಟಿತ್ತು. ಅದನ್ನು ಹೊತ್ತು ತಂದವಳು ಪಾರ್ವತೆಮ್ಮ. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಯವ್ವಾ, ಒಂದು ಮಾತು ನಡದದ. ಸಿಟ್ಟಾಗಬ್ಯಾಡ. ಔಷಧಿ ಚಲೋನ ಇರಬಹುದು, ಕುಡದಾಕೀನ ಚಲೋ ಇರಲಿಕ್ಕಿಲ್ಲ ಅನ್ನಾಕತ್ತಾರ. ಸಾಹೇಬ ನಿನಗ ಕೈಯಾರೆ ನೀರು ಹಾಕಿದ್ನಲ್ಲ, ಅದಕ್ಕ."

ಸೂಗಮ್ಮ ಕೆಮ್ಮು ತಡೆದುಕೊಂಡು ನಕ್ಕಳು. "ಏಕಾದಶಿ ಮನಷ್ಯಾನ ಮ್ಯಾಲ ಇಂಥಾ ಮಾತು?"

"ನಗಬ್ಯಾಡ. ಬಂದ್ರ ಔಷಧಿ ಚಲೋ. ಬರಲಿಲ್ಲಂದ್ರ ಔಷಧಿ ಕೆಟ್ಟದ್ದು, ಇಲ್ಲಂದ್ರ ನೀ ಕೆಟ್ಟಾಕಿ. ಎರಡರಾಗ ಒಂದು." ಪಾರ್ವತೆಮ್ಮ ದನಿ ತಗ್ಗಿಸಿದಳು. "ನಾಳೆ ನಮ್ಮ ಮನಿಗಿ ಬೀಗರು ಬರ್ತಾರ. ಕೋಳಿ ಕೊಯ್ತೀವಿ. ಒಂದು ಅರಿವಿಗಿ ಒಂದಿಷ್ಟು ರಗತ ಹಚ್ಚಿದ್ರ ಯಾರಿಗಿ ಗೊತ್ತಾಗ್ತದ? ಹೊರಗ ಕುಂತುಬಿಡು."

ಸೂಗಮ್ಮ ಒಲೆಗೆ ಕಟ್ಟಿಗೆ ನೂಕಿದಳು. ಕೆಲಸ ಉಳಿಯುತ್ತಿತ್ತು. ಊರೂ ಒಪ್ಪುತ್ತಿತ್ತು. ಆದರೆ ಈಗ ಉತ್ತರ ಬೇಕಾಗಿದ್ದುದು ಊರಿಗೆ ಮಾತ್ರವಲ್ಲ. ಆ ನೀರು ಹೋಗುತ್ತಿದ್ದದ್ದು ಅವಳ ಹೊಟ್ಟೆಗೆ. ಕೋಳಿಯ ರಕ್ತ ಬಸವಂತಮ್ಮನಿಗೆ ಉತ್ತರವಾಗಬಹುದು, ಅವಳಿಗೆ ಆಗುವುದಿಲ್ಲ. ಔಷಧಿ ಕೆಟ್ಟದ್ದೇ ಆಗಿದ್ದರೆ ತಾನೇ ಅದನ್ನು ಬಾವಿಗೆ ಹಾಕಿಸಿದಂತೆ.

"ಬ್ಯಾಡವ್ವಾ," ಎಂದಳು. "ಬರದಿದ್ರ ನಾನ ಡಬ್ಬಿ ಹೊತಗೊಂಡು ಬಸ್ಸಿಗಿ ಹೋಗ್ತೀನಿ."

ಮುಂಗಾರಿನ ಮಿರುಗ ಮಳೆ ಇನ್ನೂ ಕೂಡಿರಲಿಲ್ಲ, ಮೋಡ ಮಾತ್ರ ಮಧ್ಯಾಹ್ನದ ಹೊತ್ತು ಬಂದು ಹೋಗುತ್ತಿತ್ತು. ಅಂಥ ಒಂದು ಬೆಳಿಗ್ಗೆ ಸೂಗಮ್ಮ ಬಯಲಿನಿಂದ ಮರಳಿದವಳು ಮನೆಯೊಳಗೆ ಕಾಲಿಡದೆ ಬೇವಿನ ಮರದ ಕೆಳಗೆ ಹೋಗಿ ಕೂತಳು. ಪಾರ್ವತೆಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ದುಡಿಯುವ ಮನೆಯ ಹೆಂಗಸರಿಗೆ ಹೊರಗೆ ಕೂರುವ ಪುರುಸೊತ್ತು ಎಲ್ಲಿಯದು? ಸೂಗಮ್ಮ ತನ್ನ ಜನ್ಮದಲ್ಲಿ ಹಾಗೆ ಕೂತದ್ದು ಅದೇ ಮೊದಲು. ಹೊಟ್ಟೆ ಹಿಂಡುತ್ತಿತ್ತು. ನೋವು ಹೆಚ್ಚಾದಷ್ಟೂ ಮುಖ ಹಗುರಾಗುತ್ತಿತ್ತು.

ಸುದ್ದಿ ಮುಟ್ಟಿಸಲು ಯಾರನ್ನೂ ಕಳಿಸಬೇಕಾಗಲಿಲ್ಲ. ಬಿಸಿಲೇರುವ ಮೊದಲೇ ಬಸವಂತಮ್ಮ ಸೊಸೆಯನ್ನು ಹಿಂದಿಟ್ಟುಕೊಂಡು ಕೇರಿಗೆ ಬಂದಳು. ಆ ಓಣಿಯಲ್ಲಿ ಅವಳು ಕಾಲಿಟ್ಟದ್ದನ್ನು ನೋಡಿದವರಿರಲಿಲ್ಲ. ಮಾತಾಡಿಸದೆ ಬೇವಿನ ಮರವನ್ನು ಒಂದು ಸುತ್ತು ಹಾಕಿ, ಒಗೆದು ಒಣಹಾಕಿದ್ದ ಅರಿವೆಯ ಮುಂದೆ ನಿಂತು ಬಗ್ಗಿ ನೋಡಿದಳು.

"ನಿನ್ನೆ ಈ ಮನ್ಯಾಗ ಕೋಳಿ ಕೊಯ್ದಾರಂತ?" ಎಂದು ಕೇಳಿದಳು.

"ಹೋದ ವಾರ ಕೊಯ್ದಾರ ಯವ್ವಾ. ನಿನ್ನೆ ಬ್ಯಾಳಿ," ಎಂದಳು ಸೂಗಮ್ಮ.

"ನನಗ ಕಣ್ಣು ಮಂದ ಅವ, ಬುದ್ಧಿ ಮಂದಿಲ್ಲ." ಬಸವಂತಮ್ಮ ಸೊಸೆಯ ಕಡೆ ತಿರುಗಿದಳು. "ನೀ ಇಲ್ಲೇ ಕುಂದ್ರು. ಸಂಜೀಕ ಮತ್ತ ಅರಿವಿ ಬದಲ ಮಾಡ್ತಾಳ. ಕಣ್ಣಿಲೆ ನೋಡಿ ಬಾ."

ಸೊಸೆ ಸಂಜೆಯ ತನಕ ಕೂತು ನೋಡಿ ಹೋದಳು. ಮರುದಿನವೂ ಬಂದಳು. ಮೂರನೆಯ ದಿನ ಅವಳು ಬರುವಾಗ ತಲೆಸ್ನಾನಕ್ಕೆಂದು ಸೀಗೆಪುಡಿ ತಂದಿದ್ದಳು. ಕೊಟ್ಟು ಹೋಗುವಾಗ ಕೆಳಗೆ ನೋಡುತ್ತಾ, "ನಮ್ಮತ್ತಿ ಒಪ್ಪ್ಯಾಳ. ನಾಳೆ ಬಾವಿಗಿ ಬಾ ಅಂದಾಳ," ಎಂದಳು.

ರಾಘವೇಂದ್ರ ಮರುದಿನ ಬೆಳಿಗ್ಗೆ ಡಬ್ಬಿ ಹಿಡಿದು ಮೆಟ್ಟಿಲಿಗೆ ಬಂದಾಗ ಬಸವಂತಮ್ಮ ಅಲ್ಲೇ ಕೂತಿದ್ದಳು. ಈ ಬಾರಿ ಎದ್ದಳು. ಆದರೆ ಕೈ ಅಡ್ಡ ಹಿಡಿದಳು.

"ನೀ ಅಲ್ಲ. ಆಕಿ ಹಾಕಲಿ."

"ಆಕೀನ? ಬಾವಿಗೆ ಇಳಿದು?" ರಾಘವೇಂದ್ರನಿಗೆ ತಾನು ಕೇಳಿದ್ದು ಸರಿಯೋ ಎಂದು ಅನುಮಾನ.

"ಆಕಿ ಹೊಟ್ಟ್ಯಾಗ ಅದು ಇಳದು ಹೊರಗ ಬಂದದ. ನಿನ್ನ ಹೊಟ್ಟ್ಯಾಗ ಏನದ ಯಾರಿಗಿ ಗೊತ್ತು? ಡಬ್ಬಿ ಆಕಿ ಕೈಗಿ ಕೊಡು. ನೀ ಮ್ಯಾಲ ನಿಂತು ಹೇಳು."

ನೆರೆದವರಲ್ಲಿ ಒಬ್ಬ ಮುದುಕ ಏನೋ ಗೊಣಗಿದ. "ನೀ ಇಳೀತಿಯೇನು? ನೀ ಕುಡದು ಬಂದೀಯೇನು?" ಎಂದು ಬಸವಂತಮ್ಮ ಅತ್ತ ಗದರಿದಳು. ಗೊಣಗು ನಿಂತಿತು.

ಸೂಗಮ್ಮ ಚಪ್ಪಲಿ ಬಿಟ್ಟು ಇಳಿದಳು. ಕೇರಿಯ ಹೆಂಗಸೊಬ್ಬಳು ಆ ಮೆಟ್ಟಿಲ ಮೇಲೆ ಕಾಲಿಟ್ಟದ್ದು ಮೊದಲ ಸಲ. ಪಾರ್ವತೆಮ್ಮ ದಂಡೆಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಕೆಳಗೆ ತಂಪಿತ್ತು, ಪಾಚಿಯ ವಾಸನೆಯಿತ್ತು. ನೀರಿಗೆ ಕಾಲು ತಾಗದಂತೆ ಕೊನೆಯ ಒಣ ಮೆಟ್ಟಿಲ ಮೇಲೆ ನಿಂತು, ಮೇಲಿನಿಂದ ರಾಘವೇಂದ್ರ ಹೇಳಿದಂತೆ ಹಗ್ಗ ಬಿಟ್ಟು ಆಳ ನೋಡಿ, ಅಳೆದು, ಔಷಧಿಯನ್ನು ಸುತ್ತಲೂ ಚೆಲ್ಲಿದಳು. ನೀರು ಒಂದಿಷ್ಟು ಬೆಳ್ಳಗಾಗಿ ಮತ್ತೆ ಕಪ್ಪಾಯಿತು. ಅವಳು ಮೇಲೆ ಬಂದ ಕೂಡಲೆ ಬಸವಂತಮ್ಮನ ಸೊಸೆ ಅವಳು ನಡೆದ ಮೆಟ್ಟಿಲುಗಳನ್ನು ಒಂದೊಂದಾಗಿ ತೊಳೆದಳು.

ಸೂಗಮ್ಮ ಅದನ್ನು ನೋಡಿದಳು. ಊರು ಮುಗಿದಿತ್ತು, ಮಳೆಗೂ ಮೊದಲೇ. ಕೇರಿಗೆ ಹೋಗಿ ಚೀಲಕ್ಕೆ ಸೀರೆ ತುಂಬತೊಡಗಿದಳು. ಮಧ್ಯಾಹ್ನದ ಬಸ್ಸಿಗೆ ದೇವದುರ್ಗ, ಅಲ್ಲಿಂದ ರಾಯಚೂರು. ಮುಂದಕ್ಕೆ ಇಟ್ಟುಕೊಳ್ಳುತ್ತಾರೋ ಇಲ್ಲವೋ ಕಚೇರಿಯಲ್ಲಿ ತಿಳಿಯಬೇಕು. ಬಸ್ಸು ನಿಲ್ಲುವ ಹುಣಸೆ ಮರದ ಕೆಳಗೆ ಬಂದಾಗ ಅರ್ಧ ಊರು ಅಲ್ಲಿತ್ತು.

"ಎಲ್ಲಿಗಿ?" ಎಂದಳು ಬಸವಂತಮ್ಮ.

"ರಾಯಚೂರಿಗಿ ಯವ್ವಾ. ಕೆಲಸ ಮುಗೀತು."

"ಮುಗೀತು? ಭೇಷ್! ಔಷಧಿ ಹಾಕಿ ಬಸ್ಸು ಹತ್ತಿದ್ರ ನಾಳೆ ಯಾರಿಗರ ಏನಾರ ಆದ್ರ ನಾವು ಯಾರನ್ನ ಹಿಡೀಬೇಕು? ಆ ಜೀಪಿನವ್ರೂ ಹಿಂಗ ಹೋದ್ರು, ತಿರುಗಿ ಬರಲಿಲ್ಲ." ಮುದುಕಿ ರಾಘವೇಂದ್ರನ ಕಡೆ ಕೋಲು ತೋರಿಸಿದಳು. "ಬರಿ ನಿನ್ನ ಕಚೇರಿಗಿ. ಈಕಿ ಇಲ್ಲೇ ಇರ್ತಾಳ ಅಂತ. ಮತ್ತ ಔಷಧಿ ಹಾಕೂದಿದ್ರೂ ಈಕಿನ ಹಾಕಬೇಕು. ಬ್ಯಾರೆ ಯಾರನ್ನರ ಕಳಿಸಿದ್ರ ಮೆಟ್ಟಿಲ ಮ್ಯಾಲ ಮಕ್ಕೊಂತೀನಿ."

ಬಸ್ಸು ಬಂದು, ನಿಂತು, ಸೂಗಮ್ಮನನ್ನು ಹತ್ತಿಸಿಕೊಳ್ಳದೆ ಹೋಯಿತು. ರಾಘವೇಂದ್ರ ಹುಣಸೆಯ ನೆರಳಲ್ಲೇ ಕೂತು ಕಾಗದ ಬರೆದ. ಈ ಹೆಂಗಸನ್ನು ತೆಗೆದರೆ ಈ ಊರಿನ ಬಾವಿ ಇಲಾಖೆಯ ಕೈಗೆ ಸಿಗುವುದಿಲ್ಲ ಎಂದು ಬರೆಯುವಾಗಲೂ, ಇದನ್ನೆಲ್ಲ ಇವಳೇ ಹೂಡಿದ್ದೇನೋ ಎಂಬಂತೆ ಎರಡು ಸಲ ತಲೆಯೆತ್ತಿ ಅವಳನ್ನು ನೋಡಿದ.

ರಾಯಚೂರಿನವರು ಒಪ್ಪಿದರು. ಮಳೆಗಾಲ ಮುಗಿಯುವ ತನಕ ಎಂದರು. ಆಮೇಲೆ ಮುಂದಿನ ಬೇಸಿಗೆಯ ತನಕ ಎಂದರು. ಅದರಾಚೆಯ ಎರಡು ಬೇಸಿಗೆಗಳಲ್ಲಿ ಮಾನ್ವಿಯ ಕಡೆಯ ಹಳ್ಳಿಗಳನ್ನೂ ಒಪ್ಪಿಸಿದರು. ಕಾಗದದ ಮೇಲೆ ಅವಳು ತಾತ್ಕಾಲಿಕ ಕೆಲಸದವಳಾಗಿಯೇ ಉಳಿದಳು.

ಆ ಮೊದಲ ವರ್ಷ ದೀಪಾವಳಿ ಹತ್ತಿರ ಬಂದಂತೆ ರಾಯಚೂರಿನಲ್ಲಿ ಹತ್ತಿ ಗಾಡಿಗಳು ಸಾಲುಗಟ್ಟಿದವು. ಅರಳೆ ಕಾರ್ಖಾನೆಯ ಮುಕಾದಮ ಪೀರಾ ಸಾಬ್ ಆಳು ಕೂಡಿಸುತ್ತಾ ಯಮನಮ್ಮನ ಗುಡಿಸಲಿಗೆ ಬಂದು, ಮಗಳು ಎಲ್ಲಿ, ನಾಳೆಯಿಂದ ಕಳಿಸು ಎಂದ.

"ಆಕಿ ಬರಂಗಿಲ್ರೀ," ಎಂದಳು ಯಮನಮ್ಮ. "ಆಕೀನ ಒಂದು ಊರ ಮಂದಿ ಹಿಡಕೊಂಡು ಕುಂತಾರ."